ಗೊಗ್ಗರು ಪೆಟ್ಟಿಗೆಯ ಕೆಂಪು ದೀಪ

ಮೊನ್ನೆ ಮಿಕ್ಸಿ ಕೆಟ್ಟಿತೆಂದು ಅದನ್ನು ಚೀಲಕ್ಕೆ ಹಾಕಿಕೊಂಡು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿರುವ ರಿಪೇರಿ ಅಂಗಡಿಗೆ ಹೋಗಿದ್ದೆ. ಅಂಗಡಿಯಾತ ಬೆಸುಗೆಯ ಕಡ್ಡಿಯನ್ನು ಕಾಯಿಸಿ ರಾಳದ ಡಬ್ಬಿಗೆ ತಾಗಿಸಿದ. ಚುಯ್ ಎಂದು ಬಿಳಿ ಹೊಗೆ ಎದ್ದು ನೇರ ನನ್ನ ಮುಖಕ್ಕೇ ಬಂತು. 'ಅರ್ಧ ಗಂಟೆ ಬುಟ್ಟು ಬನ್ನಿ ಸಾ' ಎಂದ. ನನಗೆ ದಿನಸಿ ಕೊಳ್ಳುವುದಿತ್ತು, ಔಷಧಿ ತರುವುದಿತ್ತು. ಆದರೂ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಆ ಹೊಗೆಯನ್ನು ಅಷ್ಟು ಹತ್ತಿರದಿಂದ ಮೂಸಿ ನಲವತ್ತು ವರ್ಷದ ಮೇಲಾಗಿತ್ತು... ಅವನು ಮಿಕ್ಸಿ ತಿರುಗಿಸಿ ತೋರಿಸಿದ್ದೂ ನನ್ನ ಗಮನಕ್ಕೆ ಬರಲಿಲ್ಲ. ಎರಡು ಸಲ ಕೂಗಿದನಂತೆ.

ಆ ವಾಸನೆ ನಮ್ಮ ಬೀದಿಯ ರೇಡಿಯೊ ಮಾವನದು. ರಕ್ತಸಂಬಂಧದಲ್ಲಿ ಮಾವನೇನಲ್ಲ. ನಮ್ಮವ್ವ ಅವರನ್ನು ಅಣ್ಣ ಎನ್ನುತ್ತಿದ್ದಳು, ಹಾಗಾಗಿ ನನಗೆ ಮಾವ. ನಮ್ಮ ಹಾಗೆಯೇ ರೇಷ್ಮೆ ನೇಯುವ ಮನೆಯವರು. ನಮ್ಮ ಮಗ್ಗಗಳೆಲ್ಲ ಗುಳಿಮಗ್ಗಗಳು. ನೆಲದಲ್ಲಿ ಗುಳಿ ತೋಡಿ, ಅದರಂಚಿನಲ್ಲಿ ಕುಳಿತು, ಕಾಲನ್ನು ಒಳಗೆ ಇಳಿಬಿಟ್ಟು ನೇಯಬೇಕು. ನಮ್ಮ ಬೀದಿಯಲ್ಲಿ ಹುಟ್ಟಿದವರ ಕಾಲು ಹದಿನಾಲ್ಕಕ್ಕೋ ಹದಿನೈದಕ್ಕೋ ಆ ಗುಳಿಗೆ ಇಳಿದರೆ, ಮೇಲೆ ಬರುವುದು ಮಂಡಿ ಸೋತ ಮೇಲೆಯೇ. ಮಾವ ಒಬ್ಬರು ಮಾತ್ರ ಇಪ್ಪತ್ತನೇ ವಯಸ್ಸಿಗೆ ಎದ್ದು, ಮೈಸೂರಿಗೆ ಹೋಗಿ, ಯಾರದೋ ಅಂಗಡಿಯಲ್ಲಿ ಕೆಲಸ ಕಲಿತು ಬಂದು ರೇಡಿಯೊ ರಿಪೇರಿಗೆ ಕುಳಿತರು. ಇನ್ನು ಗುಳಿಗೆ ಕಾಲಿಡುವುದಿಲ್ಲ ಎಂದು ಅಪ್ಪನಿಗೆ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರಂತೆ. ಬೀದಿಯವರು ಆ ಮಾತನ್ನು ಇಪ್ಪತ್ತೈದು ವರ್ಷವಾದರೂ ಮರೆತಿರಲಿಲ್ಲ. ಪ್ರೀತಿಯಿಂದ ಮರೆಯದವರೂ ಇದ್ದರು, ಇವನು ಯಾವಾಗ ವಾಪಸ್ ಬರುತ್ತಾನೋ ನೋಡೋಣ ಎಂದು ಮರೆಯದವರೂ ಇದ್ದರು.

ಇದು ಎಪ್ಪತ್ತರ ದಶಕದ ನಡುವಿನ ಮಾತು. ನನಗೆ ಇಪ್ಪತ್ತಮೂರು. ಹಗಲೆಲ್ಲ ಮಗ್ಗ, ಸಂಜೆ ಗಿಟಾರು. ನಾವು ಐದು ಜನ ಸೇರಿ ಒಂದು ಆರ್ಕೆಸ್ಟ್ರಾ ಅಂತ ಕಟ್ಟಿಕೊಂಡಿದ್ದೆವು. ಹಾರ್ಮೋನಿಯಂ, ತಬಲ, ಬೊಂಗೊ, ಒಬ್ಬ ಹಾಡುವವನು, ಮತ್ತೆ ನಾನು. ಸಿನಿಮಾ ಹಾಡುಗಳನ್ನು ಮದುವೆ ಮನೆಗಳಲ್ಲಿ ಹಾಡುವುದು. ಹನೂರಿನಿಂದ ಯಳಂದೂರಿನವರೆಗೆ ನಮ್ಮನ್ನು ಕರೆಯುತ್ತಿದ್ದರು, ಯಾಕೆಂದರೆ ಬೇರೆ ಯಾರೂ ಇರಲಿಲ್ಲ. ಆಗ ಬರುತ್ತಿದ್ದ ಹೊಸ ಹಾಡುಗಳಲ್ಲಿ ಗಿಟಾರಿನ ದನಿ ಒಂದೊಂದು ಕಡೆ ಒಡೆದು, ಸಿಡುಕಿ, ಸೀಳಿದ ಹಾಗೆ ಬರುತ್ತಿತ್ತು. ಅದನ್ನು ಕೇಳಿದ ಮೇಲೆ ನನ್ನ ಗಿಟಾರು ನನಗೆ ಬರೀ ಸಪ್ಪೆ ಅನ್ನಿಸತೊಡಗಿತು. ಮಾವನ ಪ್ರಾಣ ತಿಂದೆ. ಅವರು ಸತ್ತ ರೇಡಿಯೊ ಒಂದರಿಂದ ಎರಡು ಟ್ರಾನ್ಸಿಸ್ಟರ್ ಕಿತ್ತು, ಸವೆದ ಮಗ್ಗದ ಹಲಗೆಯಿಂದ ಒಂದು ಸಣ್ಣ ಪೆಟ್ಟಿಗೆ ಮಾಡಿ, ಕಾಲಲ್ಲಿ ಒತ್ತುವ ಸ್ವಿಚ್ಚೊಂದನ್ನು ಮೇಲೆ ಕೂರಿಸಿ ಕೊಟ್ಟರು. ಗಿಟಾರಿನ ವೈರು ಅದರೊಳಗೆ ಹೋಗಿ ಆಂಪ್ಲಿಫೈಯರಿಗೆ ಹೋಗುತ್ತಿತ್ತು. ಒಮ್ಮೆ ತುಳಿದರೆ ದನಿ ಒಡೆಯುತ್ತಿತ್ತು, ಇನ್ನೊಮ್ಮೆ ತುಳಿದರೆ ಮಾಮೂಲು ದನಿ. ಮೊದಲ ದಿನ ನಮ್ಮವ್ವ ಕೇಳಿ, 'ಇದ್ಯಾಕ್ಲಾ ನಿನ್ ಗಿಟಾರ್ಗೆ ಗಂಟ್ಲು ಕಟ್ಕಂಡದೆ? ಕಷಾಯ ಕುಡ್ಸು' ಎಂದಳು. ಅಂದಿನಿಂದ ಅದಕ್ಕೆ ಗೊಗ್ಗರು ಪೆಟ್ಟಿಗೆ ಎಂದೇ ಹೆಸರಾಯಿತು.

ಪೆಟ್ಟಿಗೆಯಲ್ಲಿ ತಪ್ಪಿರಲಿಲ್ಲ. ತಪ್ಪಿದ್ದದ್ದು ನನ್ನ ಕಾಲಿನಲ್ಲಿ. ಗುಳಿಯೊಳಗೆ ಎರಡು ತುಳಿಹಲಗೆ ಇರುತ್ತವೆ. ಒಂದನ್ನು ತುಳಿದು ಲಾಳಿ ಎಸೆದರೆ ಮುಗಿಯಲಿಲ್ಲ, ಕೂಡಲೇ ಇನ್ನೊಂದನ್ನು ತುಳಿಯಬೇಕು. ಒಂದೇ ತುಳಿತಕ್ಕೆ ನಿಲ್ಲುವುದೆಂದರೆ ನೇಕಾರನ ಕಾಲಿಗೆ ಊಟದ ನಡುವೆ ಎದ್ದ ಹಾಗೆ. ಹಾಡಿನ ಭರದಲ್ಲಿ ನಾನು ಪೆಟ್ಟಿಗೆಯನ್ನು ಒಮ್ಮೆ ತುಳಿಯುತ್ತಿದ್ದೆ, ಮರುಗಳಿಗೆ ನನಗೇ ಗೊತ್ತಿಲ್ಲದೆ ಕಾಲು ಇನ್ನೊಮ್ಮೆ ತುಳಿದಿರುತ್ತಿತ್ತು. ಗೊಗ್ಗರು ಬೇಕಾದ ಕಡೆ ಸಪ್ಪೆ, ಸಪ್ಪೆ ಬೇಕಾದ ಕಡೆ ಗೊಗ್ಗರು. ಹನೂರಿನ ಒಂದು ಮದುವೆಯಲ್ಲಿ ತಾಯಿಯ ಹಾಡಿನ ನಡುವೆ ಅದು ಗರ್ ಎಂದದ್ದನ್ನು ನಮ್ಮ ಹಾಡುವವನು ವರ್ಷಗಟ್ಟಲೆ ಆಡಿಕೊಂಡು ನಗುತ್ತಿದ್ದ.

'ಮಾವ, ಇದು ಆನ್ ಆಗದೋ ಆಫ್ ಆಗದೋ ಬಾರ್ಸಕ್ ಮುಂಚೆ ಗೊತ್ತಾಗಂಗೆ ಒಂದು ಲೈಟ್ ಆಕ್ಕೊಡು' ಎಂದು ಕೇಳಿದೆ.

ಅವರು ನನ್ನ ತುಟಿಯನ್ನೇ ನೋಡುತ್ತಿದ್ದವರು ಸಟ್ಟನೆ ಮುಖವೆತ್ತಿದರು. 'ಆಕ್ಕೊಡ್ತೀನಿ. ಇವತ್ತೇ ಆಕ್ಕೊಡ್ತೀನಿ' ಎಂದರು. ಯಾವ ಕೆಲಸಕ್ಕೂ ನಾಳೆ ಬಾ ಎನ್ನುವ ಮನುಷ್ಯ! ನನಗೆ ಆಗಲೇ ಸ್ವಲ್ಪ ಸೋಜಿಗವಾಯಿತು.

ಸ್ವಿಚ್ಚಿನ ಕೆಳಗೆ ವೈರು ಬೆಸೆಯುವ ಎರಡು ಜೊತೆ ಕಾಲುಗಳಿದ್ದವು. ಒಂದು ಜೊತೆಯಲ್ಲಿ ದನಿ ಓಡಾಡುತ್ತಿತ್ತು, ಇನ್ನೊಂದು ಜೊತೆ ಸುಮ್ಮನೆ ಬಿದ್ದಿತ್ತು. ಆ ಸುಮ್ಮನಿದ್ದ ಕಾಲುಗಳಿಗೆ ಮಾವ ಟಾರ್ಚಿನ ಬಲ್ಬೊಂದನ್ನು ಜೋಡಿಸಿದರು. ಪೆಟ್ಟಿಗೆಯ ಬ್ಯಾಟರಿಯಿಂದಲೇ ಉರಿಸಿದರೆ ಬಲ್ಬು ಅದನ್ನು ಒಂದೇ ಮದುವೆಗೆ ನುಂಗಿ ಹಾಕುತ್ತದೆ ಎಂದು ಬಲ್ಬಿಗೇ ಬೇರೆ ಎರಡು ಸೆಲ್ಲು ಇಟ್ಟರು. ಬಲ್ಬಿಗೆ ಬಣ್ಣ ಬೇಕಾಯಿತು. ನಾನು ಮನೆಯಿಂದ ರೇಷ್ಮೆಗೆ ಹಾಕುವ ಕೆಂಪು ಬಣ್ಣದ ಪುಡಿಯನ್ನು ಚಿಟಿಕೆಯಷ್ಟು ತಂದೆ, ಅವರು ಅದನ್ನು ಮೆರುಗೆಣ್ಣೆಯಲ್ಲಿ ಕಲಸಿ ಬಳಿದರು. ನನ್ನ ಕಡೆಗೆ ಬೆಳಕು ಬರಲೆಂದು ಮುಚ್ಚಳದಲ್ಲಿ ಒಂದು ತೂತು ಕೊರೆದರು. ಆಮೇಲೆ ಪೆಟ್ಟಿಗೆಯನ್ನು ತಿರುಗಿಸಿ, ಹಿಂಬದಿಯಲ್ಲಿ ಇನ್ನೊಂದು ತೂತು ಕೊರೆಯತೊಡಗಿದರು. ಅದು ಮೊದಲನೆಯದಕ್ಕಿಂತ ದೊಡ್ಡದು.

ಅದ್ಯಾಕೆ ಎಂದು ಕೇಳಿದೆ. ಅವರು ಕೇಳಿಸದವರ ಹಾಗೆ ಕೊರೆಯುತ್ತಲೇ ಇದ್ದರು. ಕೇಳಿಸದವರ ಹಾಗೆ ಎಂದು ನಾನು ಅಂದುಕೊಂಡೆ...

ಆ ಹೊತ್ತಿಗೆ ಕಟ್ಟೆಯ ಮೇಲಿದ್ದ ಟ್ರಾನ್ಸಿಸ್ಟರ್ ರೇಡಿಯೊ ಒಂದು ಕೀ ಎಂದು ಕಿವಿ ಕೊರೆಯುವ ಹಾಗೆ ಕಿರುಚುತ್ತಿತ್ತು. ಬೆಟ್ಟದ ಮೇಲಿನ ಅಂಗಡಿಯವರೊಬ್ಬರು ರಿಪೇರಿಗೆಂದು ಬಸ್ಸಿನಲ್ಲಿ ಕಳಿಸಿದ್ದದ್ದು. ಮಾವ ಆ ಕಿರುಚುವಿಕೆಯ ಪಕ್ಕದಲ್ಲೇ ತಣ್ಣಗೆ ಕುಳಿತಿದ್ದರು. ಆಗಾಗ ಕೈ ಚಾಚಿ ಅದರ ಸ್ಪೀಕರಿನ ಕಾಗದದ ಮೇಲೆ ಬೆರಳಿಟ್ಟು ನೋಡುತ್ತಿದ್ದರು. ನಾನು ಎದ್ದು ಅದನ್ನು ಆಫ್ ಮಾಡಿದೆ. ಅವರು ನನ್ನ ಕೈ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಎದ್ದು ಹೋಗಿ ಬಾಗಿಲನ್ನು ಅರ್ಧ ಮುಚ್ಚಿ ಬಂದು ಕುಳಿತರು.

'ದಪ್ಪ ದನಿ ಕೇಳ್ತದೆ ಕಣ್ಲಾ. ತಬಲ ಕೇಳ್ತದೆ, ಲಾರಿ ಕೇಳ್ತದೆ. ಸಣ್ಣ ದನಿ ಎಲ್ಲಾ ಓಗ್ಬುಡ್ತು. ಎಲ್ಡು ವರ್ಸ ಆಯ್ತು' ಎಂದರು. 'ನಿಮ್ಮವ್ವುಂಗೂ ಯೋಳ್ಬ್ಯಾಡ. ಕಿವಿ ಇಲ್ದೋನ ತಾವ್ಕೆ ಯಾರ್ಲಾ ರೇಡಿಯಾ ತತ್ತಾರೆ?'

ಹಳೆಯ ದೊಡ್ಡ ರೇಡಿಯೊಗಳಲ್ಲಿ ಹಸಿರು ಬೆಳಕಿನ ಒಂದು ಕಣ್ಣಿರುತ್ತಿತ್ತು. ಸ್ಟೇಷನ್ ಸರಿಯಾಗಿ ಸಿಕ್ಕರೆ ಆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಮಾವ ಅದನ್ನು ನೋಡಿಕೊಂಡೇ ಎರಡು ವರ್ಷ ದಾಟಿಸಿದ್ದರು. ಆದರೆ ಈಗ ಎಲ್ಲರ ಕೈಗೂ ಸಣ್ಣ ಟ್ರಾನ್ಸಿಸ್ಟರುಗಳು ಬರತೊಡಗಿದ್ದವು, ಅವುಗಳಿಗೆ ಹಸಿರು ಕಣ್ಣಿಲ್ಲ. ಮಧುವನಹಳ್ಳಿಯ ಮೇಷ್ಟರೊಬ್ಬರು ತಮ್ಮ ರೇಡಿಯೊವನ್ನು ರಿಪೇರಿಯಾಯಿತೆಂದು ಮನೆಗೆ ಒಯ್ದರೆ ಅದರಲ್ಲಿ ಬರೀ ಗುಯ್ ಎಂಬ ಸದ್ದು. ವಾಪಸ್ ತಂದು, 'ಏನಯ್ಯ, ಕಿವಿಗಿವಿ ಮಂದವೇನೋ?' ಎಂದು ನಾಲ್ಕು ಜನರ ಮುಂದೆ ಕೇಳಿದ್ದರು. ತಮಾಷೆಗೇ ಕೇಳಿದ್ದು. ಆದರೆ ಆ ಮಾತು ಬೀದಿಯಲ್ಲಿ ಓಡಾಡತೊಡಗಿತ್ತು.

ಎರಡನೆಯ ತೂತು ಯಾಕೆಂದು ಆಗ ಹೇಳಿದರು. ಮದುವೆಗಳಲ್ಲಿ ನಮಗೆ ಮೈಕ್ ಸೆಟ್ ಮಾವನದೇ. ಆಂಪ್ಲಿಫೈಯರಿನ ಮುಂದೆ ಕೂರುವವರೂ ಅವರೇ. ಗೊಗ್ಗರು ಬಂದರೆ ಗಿಟಾರಿನ ದನಿ ಮೂರು ಪಟ್ಟಾಗುತ್ತದೆ, ಆಗ ಅವರು ದನಿಯ ಗುಂಡಿಯನ್ನು, ನಮ್ಮ ಬಾಯಲ್ಲಿ ಗುಬಟು, ತಿರುಗಿಸಿ ತಗ್ಗಿಸಬೇಕು. ಗೊಗ್ಗರು ಹೋದರೆ ಏರಿಸಬೇಕು. ಗೊಗ್ಗರು ಇರುವಾಗಲೇ ಏರಿಸಿದರೆ ಕೇಳುವುದೇ ಬೇಡ, ಸ್ಪೀಕರು ಕಿರುಚಿಕೊಳ್ಳುತ್ತದೆ. ಇಷ್ಟು ದಿನ ಅವರು ಹಾಡುವವನ ಮುಖದ ಗಂಟು ನೋಡಿ ಅಂದಾಜಿನ ಮೇಲೆ ತಿರುಗಿಸುತ್ತಿದ್ದರು. ಇನ್ನು ಅಂದಾಜು ಬೇಕಿಲ್ಲ. ಕೆಂಪು ಕಂಡರೆ ತಗ್ಗಿಸುವುದು, ಕೆಂಪು ಹೋದರೆ ಏರಿಸುವುದು. ದೀಪ ಕೇಳಿದವನು ನಾನು, ಆದರೆ ನನಗಿಂತ ಅದು ಬೇಕಾಗಿದ್ದದ್ದು ಅವರಿಗೆ.

ಹದಿನೈದು ದಿನಕ್ಕೆ ರೇಷ್ಮೆ ವ್ಯಾಪಾರಿಯೊಬ್ಬರ ಮಗಳ ಆರತಕ್ಷತೆ ಇತ್ತು. ನಮ್ಮ ಬೀದಿಯ ಅರ್ಧ ಮಗ್ಗಗಳು ಅವರಿಗೇ ನೇಯುತ್ತಿದ್ದವು. ಗಂಡಿನವರು ಯಳಂದೂರಿನವರು. ಇಡೀ ಕೊಳ್ಳೇಗಾಲ ಬರುತ್ತದೆ, ಮೇಷ್ಟರೂ ಬರುತ್ತಾರೆ. ಅವತ್ತು ಸೆಟ್ ಚೊಕ್ಕವಾಗಿ ನಡೆದರೆ ಕಿವಿಯ ಮಾತು ಅಲ್ಲಿಗೇ ಸಾಯುತ್ತದೆ ಎಂದು ಮಾವ ನಂಬಿದ್ದರು.

ಆ ಹದಿನೈದು ದಿನವೂ ಅಭ್ಯಾಸ ಮಾಡಿದೆವು. ನಾನು ಗೋಡೆಯ ಹತ್ತಿರ, ಅವರು ಬಾಗಿಲ ಹತ್ತಿರ, ನಡುವೆ ಪೆಟ್ಟಿಗೆ. ಕಾಲನ್ನು ಎರಡನೆಯ ತುಳಿತಕ್ಕೆ ಬಿಡದೆ ಹಿಡಿಯುವುದನ್ನು ನಾನು ಕಲಿತೆ. ತಪ್ಪಿ ತುಳಿದರೂ ದೀಪ ನೋಡಿ ಸರಿಮಾಡಿಕೊಳ್ಳುತ್ತಿದ್ದೆ. 'ಮೆಲ್ಲುಕ್ ತುಳಿ. ಇದು ಮಗ್ಗ ಅಲ್ಲ' ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಬಲ್ಬಿನೊಳಗಿನ ತಂತಿ ಕೂದಲಿಗಿಂತ ಸಣ್ಣದು, ಜೋರಾಗಿ ತುಳಿದರೆ ಕಿತ್ತುಹೋದೀತು ಎಂಬ ಭಯ ಅವರಿಗೆ. ಅದಕ್ಕೆಂದು ಒಂದು ಸನ್ನೆಯನ್ನೂ ಗೊತ್ತು ಮಾಡಿಕೊಂಡೆವು. ದೀಪ ಕೈಕೊಟ್ಟರೆ ನಾನು ಗಿಟಾರಿನ ಕತ್ತನ್ನು ಆಕಾಶಕ್ಕೆ ಎತ್ತಬೇಕು, ಅವರು ಗುಬಟನ್ನು ಪೂರ್ತಿ ಇಳಿಸಿಬಿಡಬೇಕು. ಅಷ್ಟೆ. ಒಂದು ಕ್ಷಣದ ಕೆಲಸ.

ಆರತಕ್ಷತೆಯ ಸಂಜೆ ಚಪ್ಪರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೊರಗೆ ಇನ್ನೂ ಬೆಳಕಿತ್ತು. ಮಾವ ಮದುವೆಗೆಂದು ಬಿಳಿ ಅಂಗಿ ಹಾಕಿ, ಚಪ್ಪರದ ಮೂಲೆಯಲ್ಲಿ ಆಂಪ್ಲಿಫೈಯರಿನ ಮುಂದೆ ಕುಳಿತಿದ್ದರು. ಅವರ ಕಣ್ಣು ನನ್ನ ಪೆಟ್ಟಿಗೆಯ ಹಿಂಬದಿಯಿಂದ ಅಲುಗಲಿಲ್ಲ. ಯಾರೋ ಭುಜ ತಟ್ಟಿ ಮಾತಾಡಿಸಿದರೂ ತಿರುಗಲಿಲ್ಲ. ನನ್ನ ಅಂಗೈ ಬೆವೆತು ತಂತಿಗಳು ಜಾರುತ್ತಿದ್ದವು. ಮೇಷ್ಟರು ಮುಂದಿನ ಸಾಲಿನಲ್ಲೇ ಇದ್ದರು, ಕೈಕಟ್ಟಿಕೊಂಡು.

ಮೊದಲ ಹಾಡು ಮುಗಿಯಿತು. ದೀಪ ಹತ್ತಿದಾಗ ಅವರ ಕೈ ಇಳಿಯಿತು, ಆರಿದಾಗ ಏರಿತು. ಎರಡನೆಯದೂ ಹಾಗೇ ಸಾಗಿತು. ಅಷ್ಟು ಚೊಕ್ಕವಾದ ದನಿ ನಮ್ಮ ಸೆಟ್ಟಿನಿಂದ ಮೊದಲು ಎಂದೂ ಬಂದಿರಲಿಲ್ಲ. ಮೇಷ್ಟರು ಪಕ್ಕದವರ ಕಡೆ ಬಾಗಿ ಏನೋ ಹೇಳಿ ತಲೆಯಾಡಿಸಿದರು. ಮೆಚ್ಚಿ ಆಡಿಸಿದ್ದೆಂದು ದೂರದಿಂದಲೇ ತಿಳಿಯುತ್ತಿತ್ತು. ಮಾವನೂ ಅದನ್ನು ಕಂಡರು. ಅವರ ತುಟಿಯ ಅಂಚಿನಲ್ಲಿ ಸಣ್ಣಗೆ ನಗು ಮೂಡಿತು.

ಮೂರನೆಯ ಹಾಡಿನ ನಡುವೆ ನನ್ನದೊಂದು ದೊಡ್ಡ ತುಣುಕಿತ್ತು. ಹಾಡುವವನು ನಿಲ್ಲಿಸುತ್ತಾನೆ, ಗೊಗ್ಗರು ಗಿಟಾರು ಒಂದೇ. ನಾನು ತುಳಿದೆ. ಜೋರಾಗಿಯೇ ತುಳಿದೆ, ಮೈ ಬಿಸಿಯಾಗಿತ್ತು. ದೀಪ ಹತ್ತಿತು. ಮಾವನ ಕೈ ಇಳಿಯಿತು. ಬಾರಿಸತೊಡಗಿದೆ. ಆ ತುಣುಕನ್ನು ನಾನು ಮನೆಯಲ್ಲಿ ನೂರು ಸಲ ಬಾರಿಸಿ ನೂರು ಸಲವೂ ಎಲ್ಲೋ ಒಂದು ಕಡೆ ಕೆಡಿಸಿದ್ದೆ. ಅವತ್ತು ಕೆಡಲಿಲ್ಲ. ಬೆರಳುಗಳು ತಾವಾಗಿಯೇ ಓಡಿದವು. ಊಟದ ಕಡೆ ಹೊರಟಿದ್ದವರು ನಿಂತರು. ಹೆಣ್ಣಿನ ಕಡೆಯ ನಾಲ್ಕಾರು ಜನ ಎದ್ದೇ ನಿಂತು ನನ್ನನ್ನು ನೋಡಿದರು. ನೇಕಾರರ ಮನೆಯ ಹುಡುಗನನ್ನು ಆ ಊರಿನಲ್ಲಿ ಹಾಗೆ ಯಾರೂ ನೋಡಿರಲಿಲ್ಲ.

ಆಗ ದೀಪ ಆರಿತು.

ಗೊಗ್ಗರು ಹಾಗೇ ಇತ್ತು, ದೀಪ ಮಾತ್ರ ಆರಿತು. ನಾನು ಅದನ್ನು ನೋಡಿದೆ. ನೋಡಲಿಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ, ಆದರೆ ನೋಡಿದೆ. ಮಾವನ ಕೈ ಗುಬಟಿನ ಕಡೆ ಹೊರಟಿದ್ದನ್ನೂ ನೋಡಿದೆ. ಗಿಟಾರಿನ ಕತ್ತು ಎತ್ತಿದ್ದರೆ ಮುಗಿದಿತ್ತು. ಆದರೆ ಕತ್ತು ಎತ್ತಿದರೆ ಬಾರಿಸುವುದು ನಿಲ್ಲುತ್ತದೆ. ತುಣುಕಿನ ಕೊನೆಯ ಸಾಲು ಬಾಕಿಯಿತ್ತು. ಅದೊಂದು ಮುಗಿಯಲಿ ಎಂದುಕೊಂಡೆ. ಇಷ್ಟೇ ನಾನು ಮಾಡಿದ್ದು. ಇದೊಂದು ಮುಗಿಯಲಿ ಎಂದುಕೊಂಡೆ...

ಸ್ಪೀಕರು ಕಿರುಚಿತು. ಎದೆ ಒಡೆಯುವಂಥ, ಹಲ್ಲು ಜುಂ ಎನ್ನುವಂಥ ಸದ್ದು. ಚಪ್ಪರದಲ್ಲಿದ್ದ ಅಷ್ಟೂ ಜನ ಒಟ್ಟಿಗೆ ಕಿವಿ ಮುಚ್ಚಿಕೊಂಡರು. ಮದುಮಗಳು ಮುಚ್ಚಿಕೊಂಡಳು, ಮಕ್ಕಳು ಅತ್ತವು, ಬೊಂಗೊದವನು ಬೊಂಗೊ ಬಿಟ್ಟು ಕಿವಿ ಹಿಡಿದ. ನಾನು ಗಿಟಾರು ಬಿಟ್ಟು ಹಿಡಿದೆ. ಮೂಲೆಯಲ್ಲಿ ಮಾವ ಒಬ್ಬರೇ ಕೈಯನ್ನು ಗುಬಟಿನ ಮೇಲಿಟ್ಟುಕೊಂಡು, ಮುಖದಲ್ಲಿ ಒಂದು ಗೆರೆಯೂ ಅಲುಗದೆ, ಆರಿದ ದೀಪವನ್ನು ನೋಡುತ್ತಾ ಕುಳಿತಿದ್ದರು. ಆ ನಗು ಇನ್ನೂ ತುಟಿಯಲ್ಲೇ ಇತ್ತು.

ತಬಲದವನು ಓಡಿ ಹೋಗಿ ವೈರು ಕಿತ್ತ. ಸದ್ದು ನಿಂತಿತು. ಕಿವಿಯಿಂದ ಕೈ ತೆಗೆದ ಜನ ಒಬ್ಬೊಬ್ಬರಾಗಿ ಮೂಲೆಯ ಕಡೆ ತಿರುಗಿದರು. ಮಾವ ಆಗ ತಲೆಯೆತ್ತಿ ಎಲ್ಲರನ್ನೂ ನೋಡಿದರು. ಕಿತ್ತ ವೈರನ್ನು ನೋಡಿದರು. ಯಾರೂ ನಗಲಿಲ್ಲ. ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು. ಮೇಷ್ಟರು ಕಟ್ಟಿದ ಕೈ ಬಿಚ್ಚಿ, ಪಾಪ ಎನ್ನುವ ಹಾಗೆ ನೆಲ ನೋಡಿದರು.

ನಮ್ಮೂರಿನವರು ಕೆಟ್ಟವರಲ್ಲ. ಮಾರನೆಯ ದಿನದಿಂದ ಮಾವನನ್ನು ಎಲ್ಲರೂ ಇನ್ನೂ ಮರ್ಯಾದೆಯಿಂದ ಮಾತಾಡಿಸತೊಡಗಿದರು, ಆದರೆ ಕೂಗಿ ಮಾತಾಡಿಸತೊಡಗಿದರು. 'ಊಟ ಆಯ್ತಾಆಆ?' ಎಂದು ರಸ್ತೆಯ ಆ ಕಡೆಯಿಂದ ಕೇಳುತ್ತಿದ್ದರು. ರೇಡಿಯೊ ಮಾತ್ರ ಯಾರೂ ತರಲಿಲ್ಲ. ರಿಪೇರಿಗೆ ಬಿಟ್ಟಿದ್ದನ್ನು, ಅರ್ಜೆಂಟಿಲ್ಲ ಕಣ್ರಿ, ಆಮೇಲೆ ತರ್ತೀವಿ ಎಂದು ವಾಪಸ್ ಒಯ್ದರು. ಬೆಟ್ಟದ ಅಂಗಡಿಯವರು ಯಾರ ಕೈಲೋ ಹೇಳಿ ಕಳಿಸಿ ತಮ್ಮ ಟ್ರಾನ್ಸಿಸ್ಟರ್ ತರಿಸಿಕೊಂಡರು. ಮೂರು ತಿಂಗಳಿಗೆ ಅಂಗಡಿಯ ಬಾಗಿಲು ಮುಚ್ಚಿತು.

ಅದಕ್ಕೂ ಮೊದಲು ಒಂದು ದಿನ ಮಾವ ನಮ್ಮ ಮನೆಗೆ ಬಂದರು. ಅಂಗೈಯಲ್ಲಿ ಆ ಬಲ್ಬಿತ್ತು. ಬಣ್ಣ ಕೆರೆದು ತೆಗೆದಿದ್ದರು. 'ನೋಡ್ಲಾ, ಒಳ್ಗಡೆ ತಂತಿ ಕಿತ್ತೋಗದೆ. ಇದ್ರ ಕೆಳೀಕೆ ಒಂಚೂರು ರಬ್ಬರ್ ಮಡಗಿದ್ರೆ ಆಯ್ತಿತ್ತು. ಮರ್ತ್ಬುಟ್ಟೆ. ನಂದೇ ತಪ್ಪು. ನಿನ್ ಮರ್ವಾದಿನೂ ಕಳ್ದೆ' ಎಂದರು. ಅವ್ವ ನನ್ನ ಮುಖ ನೋಡುತ್ತಿದ್ದಳು. ನಾನು ಬಲ್ಬನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು, ಹೌದು ಮಾವ, ಕಿತ್ತೋಗದೆ ಎಂದೆ.

ಅವರು ಗುಳಿಗೆ ವಾಪಸ್ ಬಂದರು. ನಮ್ಮ ಮನೆಯಲ್ಲೇ ಒಂದು ಮಗ್ಗ ಖಾಲಿಯಿತ್ತು, ನನ್ನ ಮಗ್ಗದ ಪಕ್ಕದ್ದು. ನಲವತ್ತೇಳೋ ನಲವತ್ತೆಂಟೋ ಆಗಿತ್ತು ಅವರಿಗೆ. ಮೊದಲ ದಿನ ಅವರು ಗುಳಿಗೆ ಕಾಲು ಇಳಿಸುವಾಗ ನಾನು ಬೇಕೆಂದೇ ಹಿತ್ತಿಲಿಗೆ ಹೋದೆ. ವರ್ಷಗಳು ಉರುಳಿದ ಹಾಗೆ ದಪ್ಪ ದನಿಯೂ ಹೋಯಿತು. ಯಾರಾದರೂ ಏನಾದರೂ ಹೇಳಬೇಕಾದರೆ ಬರೆದು ತೋರಿಸಲಿ ಎಂದು ಒಂದು ಸ್ಲೇಟು, ಒಂದು ಬಳಪ ಪಕ್ಕದಲ್ಲಿ ಇಟ್ಟುಕೊಂಡಿರುತ್ತಿದ್ದರು. ಅವರು ನೇಯುತ್ತಿದ್ದಂಥ ಸಣ್ಣಂಚಿನ ಸೀರೆಯನ್ನು ನಮ್ಮ ಬೀದಿಯಲ್ಲಿ ಬೇರೆ ಯಾರೂ ನೇಯುತ್ತಿರಲಿಲ್ಲ. ನಾನು ಗಿಟಾರು ಮಾರಿದೆ. ಯಾಕೆ ಮಾರಿದೆ ಎಂದು ಅವರು ಬಹಳ ಸಲ ಕೇಳಿದರು.

ಒಂದು ಮಧ್ಯಾಹ್ನ ಇಬ್ಬರೇ ಇದ್ದೆವು. ಎರಡೂ ಮಗ್ಗ ಬಡಿಯುತ್ತಿದ್ದವು. ನನಗೆ ಏನನ್ನಿಸಿತೋ, ಲಾಳಿ ಎಸೆಯುತ್ತಲೇ, ಅವರ ಬೆನ್ನು ನೋಡಿಕೊಂಡು ಎಲ್ಲವನ್ನೂ ಹೇಳಿಬಿಟ್ಟೆ. ದೀಪ ಆರಿದ್ದು ಕಂಡಿತ್ತು ಎಂದೆ. ಕತ್ತು ಎತ್ತಲಿಲ್ಲ ಎಂದೆ. ಬೇಕೆಂದೇ ಎತ್ತಲಿಲ್ಲ ಎಂದೂ ಅಂದೆ. ಹೇಳುತ್ತಾ ಹೇಳುತ್ತಾ ನನ್ನ ಮಗ್ಗ ನಿಂತುಹೋಗಿತ್ತು. ನೆಲದ ಅದುರು ಕಡಿಮೆಯಾದದ್ದು ಕಾಲಿಗೆ ಗೊತ್ತಾಗಿರಬೇಕು, ಅವರು ತಿರುಗಿದರು. ನನ್ನ ಬಾಯಿ ಇನ್ನೂ ಆಡುತ್ತಿತ್ತು.

'ಏನಂದ್ಲಾ? ಬರಿ' ಎಂದು ಸ್ಲೇಟನ್ನು ನನ್ನ ಕಡೆ ತಳ್ಳಿದರು.

ನಾನು ಬಳಪ ಹಿಡಿದೆ. ಅವರು ಕಾಯುತ್ತಾ ಕುಳಿತರು. ಊಟಕ್ಕೆ ಹೊತ್ತಾಯ್ತು ಮಾವ ಎಂದು ಬರೆದೆ. ಅವರು ಓದಿ, ತಲೆಯಾಡಿಸಿ, ಕೈ ಊರಿಕೊಂಡು ಎದ್ದು ಊಟಕ್ಕೆ ಹೋದರು.

ಅವರು ತೀರಿಕೊಂಡು ಎಷ್ಟೋ ವರ್ಷಗಳಾದವು. ನಮ್ಮ ಮನೆಯ ಗುಳಿಗಳನ್ನು ಮುಚ್ಚಿ ಮೇಲೆ ಸಿಮೆಂಟು ಹಾಕಿಸಿದ್ದೇವೆ. ಮೊನ್ನೆ ಮಿಕ್ಸಿ ಎತ್ತಿಕೊಂಡು ಮನೆಗೆ ಬಂದವನು ಊಟವನ್ನೂ ಮಾಡದೆ ಇದನ್ನು ಬರೆಯಲು ಕುಳಿತೆ. ಇಷ್ಟು ಪುಟ ಬರೆಯುವ ಅಗತ್ಯವೇ ಇರಲಿಲ್ಲ. ಮಾವ, ದೀಪ ಆರಿದ್ದನ್ನು ನಾನು ನೋಡಿದ್ದೆ. ಸ್ಲೇಟಿನ ಮೇಲೆ ಅಷ್ಟು ಬರೆಯಲು ಜಾಗವಿತ್ತು.